ತೆರೆಯದೆ ನೋಡುವ ವಿದ್ಯೆ

ವಯನಾಡಿನ ಮಾನಂತವಾಡಿಗೆ ಸಮೀಪದಲ್ಲಿರುವ ಪಯ್ಯಂಪಳ್ಳಿ ಕಾಡಂಚಿನ ಊರು. ಅದರ ಆಸುಪಾಸಿನಲ್ಲಿ ಹರಿದು ಕುರುವ ದ್ವೀಪವನ್ನು ಬಳಸಿ ಬರುವ ಕಬಿನಿ ಹೆಗ್ಗಡದೇವನಕೋಟೆಯ ಸೀಮೆಯನ್ನು ಹೊಕ್ಕು, ಮೈಸೂರು ಜಿಲ್ಲೆಯ ಗದ್ದೆಗಳನ್ನು ತಣಿಸಿ, ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಬೆರೆಯುವುದರಿಂದ, ಈ ಊರಿನ ನೀರು ಮಲಯಾಳ ಸೀಮೆಗೆ ಎಷ್ಟು ಸಂಬಂಧಿಸಿದೆಯೋ ಕನ್ನಡ ಸೀಮೆಗೂ ಅಷ್ಟೇ ಸಂಬಂಧಿಸಿದೆ. ಆನೆಗಳಿಗೂ ರಾಜ್ಯಗಳ ಗಡಿಯೆಂಬುದಿಲ್ಲ. 2023ರ ಕೊನೆಯಲ್ಲಿ ಹಾಸನ ಜಿಲ್ಲೆಯ ಬೇಲೂರಿನ ಕಡೆ ಸೆರೆಸಿಕ್ಕು, ಕೊರಳಿಗೆ ರೇಡಿಯೋ ಕಾಲರ್ ತೊಡಿಸಿಕೊಂಡು, ಬಂಡೀಪುರದ ಮೂಲೆಹೊಳೆಯ ಕಾಡಿನಲ್ಲಿ ಬಿಡಲ್ಪಟ್ಟಿದ್ದ ಮಖನಾ, ಎಂದರೆ ದಂತವಿಲ್ಲದ ಗಂಡು, ಆನೆಯೊಂದು, 2024ರ ಫೆಬ್ರವರಿ 10ರಂದು ಪಯ್ಯಂಪಳ್ಳಿಯ ಪಡಮಲದ ವಸತಿಯನ್ನು ಹೊಕ್ಕು ಒಬ್ಬ ಕೃಷಿಕನ ಪ್ರಾಣವನ್ನು ತೆಗೆದಾಗ, ಆ ಕಾಲರಿನ ಸಂಕೇತ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬ ವಾದ ಎರಡು ರಾಜ್ಯಗಳ ನಡುವೆ ನಡೆಯಿತು. ಆ ವಾದ ಈ ಅಧ್ಯಾಯದ ವಿಷಯವಲ್ಲ. ಆದರೆ ಆನೆಯ ಕೊರಳಿನ ಸಂಕೇತವಾಗಲಿ, ತೋಟದ ಸುತ್ತ ಎಳೆದ ಸೋಲಾರ್ ಬೇಲಿಯ ಮಿಡಿತವಾಗಲಿ, ಇರುಳಿಡೀ ಎಚ್ಚರವಾಗಿರಬೇಕಾದರೆ ಅದರ ಹಿಂದೆ ಒಂದು ವಿದ್ಯುತ್ಕೋಶವು ಕೆಡದೆ ಕೆಲಸಮಾಡುತ್ತಿರಬೇಕಷ್ಟೆ. ಈ ಸೀಮೆಯ ಜನ ತಮ್ಮ ಬೆಳೆಯನ್ನೂ ಎಷ್ಟೋ ವೇಳೆ ಜೀವವನ್ನೂ ಬ್ಯಾಟರಿಯ ಮೇಲೆ ನೆಚ್ಚಿಟ್ಟಿರುವುದರಿಂದ, ಬ್ಯಾಟರಿಯ ಆರೋಗ್ಯವನ್ನು ತಿಳಿಯುವ ಶಾಸ್ತ್ರದ ವಿವರಣೆಯನ್ನು ಇಲ್ಲಿಂದಲೇ ತೊಡಗುವುದು ಉಚಿತವೆಂದು ನನಗೆ ತೋರುತ್ತದೆ.

ಬೇಲಿಯ ಯಂತ್ರವನ್ನು ಮೊದಲು ನೋಡೋಣ. ತೋಟದ ಮೂಲೆಯ ಪೆಟ್ಟಿಗೆಯಲ್ಲಿ 12 ವೋಲ್ಟಿನ ಒಂದು ಸೀಸ-ಆಮ್ಲ ಬ್ಯಾಟರಿ, ಮೇಲೆ ಸೌರಫಲಕ, ನಡುವೆ ಎನರ್ಜೈಸರ್ ಎಂಬ ಉಪಕರಣ. ಈ ಉಪಕರಣವು 12 ವೋಲ್ಟನ್ನು ಹಲವು ಸಾವಿರ ವೋಲ್ಟಿಗೆ ಏರಿಸಿ, ಸುಮಾರು ಸೆಕೆಂಡಿಗೊಮ್ಮೆ ಅತಿಹ್ರಸ್ವವಾದ ಮಿಡಿತಗಳನ್ನಾಗಿ ತಂತಿಗೆ ಕಳುಹಿಸುವುದು. ಬೇಸಗೆಯಲ್ಲಿ ಎಲ್ಲವೂ ನಿರಾತಂಕವಾಗಿ ಸಾಗುತ್ತದೆ. ಆದರೆ ಜೂನಿನಿಂದ ಆಗಸ್ಟಿನವರೆಗೆ ವಯನಾಡಿನಲ್ಲಿ ಮೋಡ ಕವಿದು ಮಳೆ ಹಿಡಿದಾಗ ಸೌರಫಲಕಕ್ಕೆ ಬಿಸಿಲು ಸಾಲದೆ, ಬ್ಯಾಟರಿ ಅರೆಹೊಟ್ಟೆಯಲ್ಲಿಯೇ ವಾರಗಟ್ಟಲೆ ಉಳಿದುಬಿಡುತ್ತದೆ. ಬ್ಯಾಟರಿ ಬರಿದಾಗುವಾಗ ಅದರೊಳಗಿನ ಸೀಸದ ಫಲಕಗಳ ಮೈಮೇಲೆ ಹುಟ್ಟುವ ಸೀಸದ ಸಲ್ಫೇಟು ಮೊದಲು ಸೂಕ್ಷ್ಮಕಣಗಳ ರೂಪದಲ್ಲಿದ್ದು, ಕೂಡಲೇ ಚಾರ್ಜ್ ಮಾಡಿದರೆ ಸುಲಭವಾಗಿ ಸೀಸವಾಗಿಯೂ ಸೀಸದ ಡೈಆಕ್ಸೈಡಾಗಿಯೂ ಮರಳುವುದು. ಹಾಗೆಯೇ ಬಿಟ್ಟರೆ ಕಣಗಳು ಕರಗಿ ಮತ್ತೆ ಘನೀಭವಿಸುತ್ತ ದೊಡ್ಡ ದೊಡ್ಡ ಹರಳುಗಳಾಗಿ, ಫಲಕದ ರಂಧ್ರಗಳನ್ನು ಮುಚ್ಚಿ, ಮುಂದೆ ಎಷ್ಟು ಬಿಸಿಲು ಬಂದರೂ ಮರಳಿ ಕರಗಲಾರವು. ಮಳೆಗಾಲ ಕಳೆದ ಮೇಲೆ ಬೇಲಿಯ ಬ್ಯಾಟರಿ ‘ಚಾರ್ಜ್ ನಿಲ್ಲುತ್ತಿಲ್ಲ’ ಎಂದು ಜನ ಹೇಳುವುದರ ಹಿಂದಿರುವ ಕಾರಣ ಬಹುಮಟ್ಟಿಗೆ ಇದೇ.

ಮೆಕ್ಯಾನಿಕ್ ಬಂದು ಹೈಡ್ರೋಮೀಟರನ್ನು ಇಳಿಬಿಟ್ಟು ಆಮ್ಲದ ಸಾಂದ್ರತೆಯನ್ನು ನೋಡುತ್ತಾನೆ. ತುಂಬಿದ ಕೋಶದಲ್ಲಿ ಅದು ಸುಮಾರು 1.26, ಬರಿದಾದುದರಲ್ಲಿ 1.15ಕ್ಕಿಂತ ಕಡಿಮೆ. ನೂರಾರು ವರ್ಷಗಳಿಂದ ಬಂದ ಈ ಗಾಜಿನ ಕೊಳವೆಯ ಸರಳತೆಯನ್ನು ನಾನು ಗೌರವಿಸುತ್ತೇನೆ. ಆದರೂ ಅದು ತೋರಿಸುವುದು ದ್ರವದ ಸ್ಥಿತಿಯನ್ನೇ ಹೊರತು ರೋಗವಿರುವ ಸ್ಥಾನವನ್ನಲ್ಲ. ರೋಗವಿರುವುದು ಲೋಹವೂ ದ್ರವವೂ ಪರಸ್ಪರ ಮುಟ್ಟುವ ಮೇಲ್ಮೈಯಲ್ಲಿ. ಶಾಸ್ತ್ರಜ್ಞರು ಅದನ್ನು ವಿದ್ಯುದಗ್ರದ ಸಂಧಿತಲವೆಂದು ಕರೆಯುವರು.

ಈ ಸಂಧಿತಲದ ಸ್ವರೂಪವೇ ಆಶ್ಚರ್ಯಕರವಾದುದು. ಒಂದು ಲೋಹವನ್ನು ಲವಣದ ದ್ರಾವಣದಲ್ಲಿ ಅದ್ದಿದೊಡನೆ ಲೋಹದ ಮೈಯಲ್ಲಿ ಒಂದು ಬಗೆಯ ವಿದ್ಯುದಂಶವೂ, ಅದಕ್ಕೆದುರಾಗಿ ದ್ರಾವಣದಲ್ಲಿ ವಿರುದ್ಧವಾದ ವಿದ್ಯುದಂಶವುಳ್ಳ ಅಯಾನುಗಳ ಸಾಲೂ ನಿಲ್ಲುವುವೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ಊಹಿಸಿದ್ದನು. ಈ ಎರಡು ಸಾಲುಗಳ ನಡುವಣ ಅಂತರ ಒಂದು ನ್ಯಾನೋಮೀಟರಿನ ಆಸುಪಾಸು, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟು ಅಂತರದಲ್ಲಿ ಒಂದು ವೋಲ್ಟಿನ ವ್ಯತ್ಯಾಸವಿದ್ದರೆ ಅಲ್ಲಿಯ ವಿದ್ಯುತ್‌ಕ್ಷೇತ್ರ ಮೀಟರಿಗೆ 100 ಕೋಟಿ ವೋಲ್ಟ್ ಆಗುವುದು. ಆಕಾಶದಲ್ಲಿ ಸಿಡಿಲೆರಗುವಾಗಲೂ ಕಾಣದ ಇಂಥ ಪ್ರಚಂಡ ಕ್ಷೇತ್ರ ನಮ್ಮ ಅಂಗಿಯ ಜೇಬಿನ ದೂರವಾಣಿಯೊಳಗೆ ಸದ್ದಿಲ್ಲದೆ ನೆಲಸಿದೆ. ಅಲ್ಲಿ ಸಿಕ್ಕಿಬಿದ್ದ ಅಣುಗಳು ಒಡೆಯುವುದೂ, ಹೊಸ ಸಂಯುಕ್ತಗಳು ಹುಟ್ಟುವುದೂ, ಅವು ಪದರಪದರವಾಗಿ ಕೂರುವುದೂ ಆದಕಾರಣ ಸಹಜವೇ ಆಗಿದೆ.

ಆನೆಯ ಕೊರಳಿಗೆ ತೊಡಿಸುವಂಥ ಕಾಲರುಗಳಿಗೆ ಸಾಮಾನ್ಯವಾಗಿ ಹಾಕುವುದು ಮರಳಿ ತುಂಬಲಾಗದ ಲಿಥಿಯಂ ಕೋಶ. ಲಿಥಿಯಂ-ಥಯೋನಿಲ್ ಕ್ಲೋರೈಡ್ ಎಂಬ ಪ್ರಸಿದ್ಧವಾದ ಬಗೆಯಲ್ಲಿ ಅತಿಚಟುವಟಿಕೆಯ ಲೋಹವಾದ ಲಿಥಿಯಂ, ತನ್ನನ್ನು ತಿಂದುಹಾಕಬಲ್ಲ ದ್ರವದಲ್ಲಿಯೇ ನೇರವಾಗಿ ಮುಳುಗಿರುತ್ತದೆ. ಹಾಗಿದ್ದರೂ ಅದು ವರ್ಷಾಂತರಗಳವರೆಗೆ ಉಳಿಯುವುದು ಹೇಗೆಂದರೆ, ಎರಡೂ ಮುಟ್ಟಿದ ಕ್ಷಣದಲ್ಲಿಯೇ ಲೋಹದ ಮೇಲೆ ಲಿಥಿಯಂ ಕ್ಲೋರೈಡಿನ ತೆಳುವಾದ ಪೊರೆಯೊಂದು ಬೆಳೆದು ಮುಂದಿನ ಕ್ರಿಯೆಯನ್ನು ತಡೆಯುತ್ತದೆ. ಬಹುಕಾಲ ಸುಮ್ಮನಿದ್ದ ಇಂಥ ಕೋಶಕ್ಕೆ ಒಮ್ಮೆಲೇ ಕೆಲಸ ಕೊಟ್ಟರೆ ಮೊದಲು ವೋಲ್ಟೇಜು ಕುಸಿದು, ಪೊರೆ ಬಿರಿದ ಮೇಲೆ ಮತ್ತೆ ಏರುವುದುಂಟು. ಟೆಲ್ ಅವೀವ್ ವಿಶ್ವವಿದ್ಯಾಲಯದ ಇಮ್ಯಾನ್ಯುಯೆಲ್ ಪೆಲೆಡ್ ಇಂಥ ಪೊರೆಗಳನ್ನು ವಿಚಾರಿಸಿ, ಅವು ಕೇವಲ ತುಕ್ಕಿನಂಥ ಕಶ್ಮಲವಲ್ಲ, ಅಯಾನುಗಳಿಗೆ ದಾರಿಕೊಟ್ಟು ಎಲೆಕ್ಟ್ರಾನುಗಳನ್ನು ತಡೆಯುವ ಘನ ವಿದ್ಯುದ್ವಿಭಾಜ್ಯಗಳು ಎಂಬ ಸಿದ್ಧಾಂತವನ್ನು 1979ರಲ್ಲಿ ಪ್ರಕಟಿಸಿದನು.

ಮರಳಿ ಮರಳಿ ತುಂಬುವ ಲಿಥಿಯಂ-ಅಯಾನು ಬ್ಯಾಟರಿಯಲ್ಲಿ ಈ ಪೊರೆಯ ಪಾತ್ರ ಮತ್ತಷ್ಟು ಕಠಿನವಾದುದು. ಅದರ ಋಣಾಗ್ರ ಗ್ರ್ಯಾಫೈಟು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಅದರ ಪದರಗಳ ನಡುವೆ ಹೊಕ್ಕು ಕೂರುತ್ತವೆ. ಕೋಶದೊಳಗಿನ ದ್ರವದಲ್ಲಿರುವ ಎಥಿಲೀನ್ ಕಾರ್ಬೊನೇಟು, ಗ್ರ್ಯಾಫೈಟಿನ ವಿಭವ ಲಿಥಿಯಂ ಲೋಹದ ವಿಭವಕ್ಕಿಂತ ಸುಮಾರು 0.8 ವೋಲ್ಟ್ ಮೇಲಿರುವಾಗಲೇ ಒಡೆಯತೊಡಗುವುದು. ಅಯಾನುಗಳು ತುಂಬಿಕೊಳ್ಳುವುದಾದರೋ 0.2 ವೋಲ್ಟಿಗೂ ಕೆಳಗೆ. ಆದ್ದರಿಂದ ಮೊದಲ ಚಾರ್ಜಿನಲ್ಲಿಯೇ ದ್ರವದ ಒಂದಂಶ ಒಡೆದು, ಲಿಥಿಯಂ ಫ್ಲೋರೈಡು, ಲಿಥಿಯಂ ಕಾರ್ಬೊನೇಟು, ಬಗೆಬಗೆಯ ಸಾವಯವ ಲವಣಗಳು ಕೂಡಿದ ಪೊರೆಯಾಗಿ ಗ್ರ್ಯಾಫೈಟಿನ ಮೈಯನ್ನು ಹೊದಿಯುತ್ತದೆ. ಅದರ ದಪ್ಪ ಕೆಲವು ನ್ಯಾನೋಮೀಟರುಗಳಿಂದ ಕೆಲವು ಹತ್ತರಷ್ಟು. ಕಾರ್ಖಾನೆಗಳಲ್ಲಿ ಹೊಸ ಕೋಶಗಳನ್ನು ಅತಿಮಂದವಾಗಿ ಚಾರ್ಜ್ ಮಾಡುತ್ತ, ವಿಶ್ರಾಂತಿಗೆ ಬಿಡುತ್ತ, ದಿನಗಟ್ಟಲೆ ಕಾಯುವುದು ಈ ಪೊರೆ ಸಾವಕಾಶವಾಗಿ ಒಪ್ಪವಾಗಿ ಕಟ್ಟಲೆಂದೇ. ಕಾಲರಿನ ಕೋಶದ ಪೊರೆಗೆ ಕಾವಲು ನಿಂತರೆ ಸಾಕು. ಇಲ್ಲಿಯ ಪೊರೆಯಾದರೋ ಗ್ರ್ಯಾಫೈಟು ಪ್ರತಿಸಲವೂ ಸುಮಾರು ನೂರಕ್ಕೆ ಹತ್ತರಷ್ಟು ಉಬ್ಬಿ ಕುಗ್ಗುವಾಗ ಹರಿಯದೆ ಅದರೊಂದಿಗೆ ಬಾಳಬೇಕು. ಹರಿದಲ್ಲೆಲ್ಲ ಹೊಸ ಪೊರೆ ಬೆಳೆಯುವುದು, ಅದಕ್ಕೆ ಬೇಕಾದ ಲಿಥಿಯಂ ಕೋಶದ ಬಂಡವಾಳದಿಂದಲೇ ವ್ಯಯವಾಗುವುದು.

ಈ ವ್ಯಯದ ಲೆಕ್ಕ ಕೊಂಚ ಗಾಬರಿಯನ್ನುಂಟುಮಾಡುವಂಥದು. ತುಂಬಿ ಬರಿದುಮಾಡುವ ಪ್ರತಿ ಆವೃತ್ತಿಯಲ್ಲಿಯೂ ನೂರಕ್ಕೆ 99.9ರಷ್ಟು ಲಿಥಿಯಂ ಮರಳಿ ಬರುತ್ತದೆಂದರೆ ಕೇಳುವವರಿಗೆ ಬಹಳ ಚೆನ್ನಾಗಿದೆಯೆನಿಸಬಹುದು. ಆದರೆ ಇಂಥ ಸಾವಿರ ಆವೃತ್ತಿಗಳ ನಂತರ ಉಳಿಯುವುದು ನೂರಕ್ಕೆ 37 ಮಾತ್ರ. ಅದೇ 99.99 ಆಗಿದ್ದರೆ ಸಾವಿರ ಆವೃತ್ತಿಗಳಾದ ಮೇಲೂ 90 ಉಳಿಯುವುದು. ಹತ್ತು ಸಾವಿರದಲ್ಲಿ ಒಂದೆರಡು ಪಾಲಿನ ಈ ಸೋರಿಕೆಯನ್ನು ಅಳೆದು, ಅದು ಎಲ್ಲಿ, ಯಾವ ಕಾರಣದಿಂದ ಆಗುತ್ತಿದೆಯೆಂದು ನಿರ್ಣಯಿಸುವುದೇ ಸಂಧಿತಲದ ಪರೀಕ್ಷಕರ ಮುಂದಿರುವ ಕಾರ್ಯ.

ಕೋಶವನ್ನು ಕತ್ತರಿಸಿ ತೆರೆದು ನೋಡಬಹುದಲ್ಲ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ, ದಶಕಗಳ ಕಾಲ ಹಾಗೆಯೇ ನೋಡಿದರು. ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯಲ್ಲಿ, ತೇವವೂ ಆಮ್ಲಜನಕವೂ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆಯಿರುವಂತೆ ಎಚ್ಚರವಹಿಸಿ, ದಪ್ಪ ಕೈಗವಸಿನೊಳಗೆ ಬೆರಳಿಟ್ಟು ಕೋಶವನ್ನು ಬಿಚ್ಚುವರು. ವಿದ್ಯುದಗ್ರವನ್ನು ದ್ರಾವಕದಿಂದ ತೊಳೆದು, ನಿರ್ವಾತದಲ್ಲಿ ಒಣಗಿಸಿ, ಎಕ್ಸ್‌ಕಿರಣಗಳ ಮುಂದೆ ಹಿಡಿಯುವರು. ಆದರೆ ತೊಳೆಯುವಾಗಲೇ ಪೊರೆಯ ಕರಗುವ ಭಾಗ ಕರಗಿಹೋಗುವುದು. ನಿರ್ವಾತದಲ್ಲಿ ಆರಿಹೋಗಬಲ್ಲುದು ಆರಿಹೋಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಪೊರೆಯನ್ನು ಹಿಡಿದಿಟ್ಟಿದ್ದ ಆ ಪ್ರಚಂಡ ವಿದ್ಯುತ್‌ಕ್ಷೇತ್ರವೇ ಇಲ್ಲವಾಗುವುದು. ಹೀಗೆ ದೊರೆತ ಜ್ಞಾನವನ್ನು ಅಲ್ಲಗಳೆಯಲಾಗದು. ಆದರೆ ಅದು ಕೆಲಸ ನಿಲ್ಲಿಸಿದ ಮೇಲಿನ ಜ್ಞಾನ. ಚಾರ್ಜ್ ಆಗುತ್ತಿರುವಾಗ ಯಾವ ನಿಮಿಷದಲ್ಲಿ, ಯಾವ ವೋಲ್ಟೇಜಿನಲ್ಲಿ ಪೊರೆ ದಪ್ಪವಾಯಿತು, ಯಾವಾಗ ಬಿರಿಯಿತು ಎಂಬುದನ್ನು ಅರಿಯಬೇಕಾದರೆ ಕೋಶವನ್ನು ಮುಚ್ಚಿಟ್ಟೇ, ದುಡಿಸುತ್ತಲೇ ನೋಡಬೇಕು.

ಈ ವಿದ್ಯೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಒಂದು ಹಿರಿಯ ಪರಂಪರೆಯುಂಟು. ಪೆಲೆಡ್ ತನ್ನ ಸಿದ್ಧಾಂತವನ್ನು ಹೊರತಂದ 1979ರಲ್ಲಿಯೇ, ಈ ಸಂಸ್ಥೆಯ ನಿರವಯವ ಮತ್ತು ಭೌತಿಕ ರಸಾಯನಶಾಸ್ತ್ರ ವಿಭಾಗದಲ್ಲಿ ಎಸ್. ಸತ್ಯನಾರಾಯಣ, ಎಸ್. ವೇಣುಗೋಪಾಲನ್, ಎಂ. ಎಲ್. ಗೋಪಿಕಾಂತ್ ಇವರು ಬ್ಯಾಟರಿಯ ಇಂಪೀಡೆನ್ಸಿಗೂ, ಎಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆಗೂ, ಅದರಲ್ಲಿ ಉಳಿದಿರುವ ಚಾರ್ಜಿಗೂ ಇರುವ ಸಂಬಂಧವನ್ನು ವಿಚಾರಿಸಿದ ಲೇಖನಗಳನ್ನು ಪ್ರಕಟಿಸಿದರು. ಒಂದು ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಕುರಿತದ್ದು, ಇನ್ನೊಂದು ನಮ್ಮ ಬೇಲಿಯ ಸೀಸ-ಆಮ್ಲ ಬ್ಯಾಟರಿಯನ್ನು ಕುರಿತದ್ದು. ನಿಕ್ಕೆಲ್-ಕ್ಯಾಡ್ಮಿಯಂ ಕೋಶದಲ್ಲಿ ಹೈಡ್ರೋಮೀಟರ್ ನಿರುಪಯುಕ್ತ. ಮೊದಲನೆಯದಾಗಿ ಅದನ್ನು ಎಷ್ಟೋ ವೇಳೆ ಬೆಸೆದು ಮುಚ್ಚಿರುತ್ತಾರೆ; ಎರಡನೆಯದಾಗಿ, ಒಳಗಿನ ಕ್ಷಾರದ್ರಾವಣದ ಸಾಂದ್ರತೆ ಕೋಶ ತುಂಬಿದಾಗಲೂ ಬರಿದಾದಾಗಲೂ ಹೆಚ್ಚು ಬದಲಾಗದು. ಹಾಗಿರುವಾಗ ಕೋಶವನ್ನು ಕೆಡಿಸದೆ ಅದರ ಅಂತರಂಗವನ್ನು ಅರಿಯಲು ಪರ್ಯಾಯ ವಿದ್ಯುತ್ತಿನ ಮೊರೆಹೊಕ್ಕದ್ದು ಅವರ ದೂರದೃಷ್ಟಿ. ಲಿಥಿಯಂ-ಅಯಾನು ಬ್ಯಾಟರಿಯನ್ನು ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದದ್ದು 1991ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೆ 12 ವರ್ಷ ಮುಂಚೆ ಬೆಂಗಳೂರಿನಲ್ಲಿ ನಡೆದ ಈ ಕೆಲಸದ ಬೆಲೆ ಕನ್ನಡಿಗರಾದ ನಮಗೆ ತಿಳಿಯಬೇಕಾದಷ್ಟು ತಿಳಿದಿಲ್ಲವೆಂದೇ ಹೇಳಬೇಕು.

ಇಂಪೀಡೆನ್ಸ್ ಮಾಪನದ ತಿರುಳನ್ನು ಹಲಸಿನಕಾಯಿಯನ್ನು ಬೆರಳಿನಿಂದ ಬಡಿದು ಅದರ ಸದ್ದಿನಿಂದಲೇ ಹಣ್ಣಾಗಿದೆಯೋ ಇಲ್ಲವೋ ಎಂದು ಹೇಳುವ ಮಲೆನಾಡಿನ ಅಜ್ಜಿಯರು ಬಲ್ಲರು. ಇಲ್ಲಿ ಬಡಿಯುವುದು ವಿದ್ಯುತ್ತಿನಿಂದ. 20 ಮಿಲಿಮೀಟರ್ ಅಡ್ಡಳತೆಯ, 3.2 ಮಿಲಿಮೀಟರ್ ದಪ್ಪದ, ರೂಪಾಯಿ ನಾಣ್ಯದಂಥ ಪ್ರಯೋಗದ ಕೋಶವೊಂದನ್ನು ಹಿಡಿಕೆಯಲ್ಲಿ ಸಿಕ್ಕಿಸಿ, ಅದರ ಸ್ಥಿರವಾದ ವೋಲ್ಟೇಜಿನ ಮೇಲೆ 5ರಿಂದ 10 ಮಿಲಿವೋಲ್ಟಿನ ಅತ್ಯಲ್ಪವಾದ ಏರಿಳಿತವನ್ನು ಹೇರುವರು. ಹೇರಿದ ಏರಿಳಿತಕ್ಕೆ ಉತ್ತರವಾಗಿ ಹರಿಯುವ ವಿದ್ಯುತ್ಪ್ರವಾಹ ಎಷ್ಟು ದೊಡ್ಡದು, ಎಷ್ಟು ಹೊತ್ತು ಹಿಂದುಮುಂದಾಗಿ ಬಂತು ಎಂಬ ಎರಡನ್ನು ಯಂತ್ರ ಬರೆದಿಡುವುದು. ಏರಿಳಿತವನ್ನು ಮೊದಲು ಸೆಕೆಂಡಿಗೆ ಒಂದು ಲಕ್ಷ ಸಲ ಕೊಟ್ಟು, ಹಂತಹಂತವಾಗಿ ನಿಧಾನಗೊಳಿಸುತ್ತ, ಕೊನೆಗೆ ನೂರು ಸೆಕೆಂಡಿಗೊಮ್ಮೆ, ಸಾವಿರ ಸೆಕೆಂಡಿಗೊಮ್ಮೆ ಕೊಡುವವರೆಗೆ ಇಳಿಯುವರು. ಅತಿ ವೇಗದ ಏರಿಳಿತದಲ್ಲಿ ಸಂಧಿತಲಕ್ಕೆ ಪ್ರತಿಕ್ರಿಯಿಸಲು ಸಮಯವೇ ಸಾಲದು. ಆಗ ತೋರುವುದು ದ್ರವದ ರೋಧ ಮಾತ್ರ. ವೇಗ ಇಳಿದಂತೆ ಪೊರೆಯ ದನಿ ಕೇಳಬರುವುದು. ಮತ್ತೂ ಇಳಿದರೆ ಅಯಾನು ತನ್ನ ದ್ರಾವಕದ ಹೊದಿಕೆಯನ್ನು ಕಳಚಿ ಎಲೆಕ್ಟ್ರಾನನ್ನು ಸ್ವೀಕರಿಸುವ ಕ್ರಿಯೆಯದು. ಕಡೆಯಲ್ಲಿ, ಘನಕಣದ ಒಳಕ್ಕೆ ಲಿಥಿಯಂ ನಿಧಾನವಾಗಿ ಹರಡಿಕೊಳ್ಳುವುದರದು.

ಫಲಿತಾಂಶವನ್ನು ಪರದೆಯ ಮೇಲೆ ಬಿಂದುಬಿಂದುವಾಗಿ ಗುರುತಿಸುತ್ತ ಹೋದರೆ ಒಂದು ಚಿತ್ರ ರೂಪುಗೊಳ್ಳುತ್ತದೆ. ಎಡತುದಿಯಲ್ಲಿ ದ್ರವದ ರೋಧವನ್ನು ಹೇಳುವ ಒಂದು ಛೇದಬಿಂದು; ಅಲ್ಲಿಂದ ಬಲಕ್ಕೆ ಪೊರೆಯ ಸಣ್ಣ ಅರ್ಧವೃತ್ತ; ಅದಕ್ಕೆ ತಾಗಿಕೊಂಡು ವಿದ್ಯುದಂಶ ದಾಟುವಿಕೆಯ ಎರಡನೆಯ ಅರ್ಧವೃತ್ತ; ಆಮೇಲೆ 45 ಡಿಗ್ರಿ ಓರೆಯಲ್ಲಿ ಮೇಲೇರುವ ಬಾಲ. ಈ ಬಾಲದ ಗಣಿತವನ್ನು ಜರ್ಮನಿಯ ವಾರ್ಬುರ್ಗ್ 1899ರಲ್ಲಿಯೇ ಕೊಟ್ಟಿದ್ದನು. ದಿನದಿನಕ್ಕೂ ಮೊದಲ ಅರ್ಧವೃತ್ತ ಹಿಗ್ಗುತ್ತ ಹೋದರೆ ಪೊರೆ ದಪ್ಪವಾಗುತ್ತಿದೆಯೆಂದು ಅನುಮಾನಿಸಬಹುದು. ಎರಡನೆಯದು ಹಿಗ್ಗಿದರೆ ಕ್ರಿಯೆ ನಡೆಯುವ ಮೇಲ್ಮೈ ಕುಂದುತ್ತಿದೆಯೆನ್ನಬಹುದು. ಕೋಶ ತೆರೆಯಲಿಲ್ಲ, ಕೆಡಲಿಲ್ಲ; ನಾಳೆ ಇದೇ ಕೋಶವನ್ನು ಮತ್ತೆ ಪ್ರಶ್ನಿಸಬಹುದು. ಈ ಶಾಸ್ತ್ರದ ಎಲ್ಲ ಉಪಕರಣಗಳಲ್ಲಿ ನನ್ನ ಮನಸ್ಸಿಗೆ ಅತ್ಯಂತ ಪ್ರಿಯವಾದುದು ಇದೇ, ಏಕೆಂದರೆ ಅದು ಅಗ್ಗವಾದುದು, ಬ್ಯಾಟರಿಗೆ ನೋವು ಮಾಡದು, ಮತ್ತು ಒಂದು ಸಾಧಾರಣ ಕಾಲೇಜಿನ ಪ್ರಯೋಗಶಾಲೆಗೂ ಎಟುಕಬಲ್ಲುದು.

ಹಾಗೆಂದು ಅದರ ಮಿತಿಗಳನ್ನು ಮರೆಮಾಚಬಾರದು. ಸಾಮಾನ್ಯ ಕೋಶದಲ್ಲಿ ಎರಡು ವಿದ್ಯುದಗ್ರಗಳಿರುವುದರಿಂದ ಎರಡರ ಅರ್ಧವೃತ್ತಗಳೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಬಿಡಿಸಿ ನೋಡಬೇಕಾದರೆ ಮೂರನೆಯದಾದ ಆಧಾರ ವಿದ್ಯುದಗ್ರವೊಂದನ್ನು ಒಳಗಿಡಬೇಕು, ಅದನ್ನಿಡುವ ಸ್ಥಾನ ಸ್ವಲ್ಪ ತಪ್ಪಿದರೂ ಇಲ್ಲದ ಅರ್ಧವೃತ್ತಗಳು ಹುಟ್ಟಿಕೊಳ್ಳುವುವು. ಒಂದೇ ಚಿತ್ರಕ್ಕೆ ರೋಧಗಳನ್ನೂ ಧಾರಕಗಳನ್ನೂ ಬೇರೆಬೇರೆ ರೀತಿಯಲ್ಲಿ ಜೋಡಿಸಿದ ಹಲವು ಮಂಡಲಗಳು ಸಮನಾಗಿ ಹೊಂದುವುದೂ ಉಂಟು. ಆದಕಾರಣ ಗಣಕಯಂತ್ರ ಕೊಟ್ಟ ಹೊಂದಿಕೆಯನ್ನು ಪ್ರಕೃತಿಯ ಸಾಕ್ಷ್ಯವೆಂದು ಭ್ರಮಿಸುವವರು ಬಹುಬೇಗ ದಾರಿ ತಪ್ಪುವರು. ಇನ್ನು, ಏರಿಳಿತವನ್ನು ಅತ್ಯಲ್ಪವಾಗಿಡುವುದೇಕೆಂದರೆ, ಅದು ದೊಡ್ಡದಾದರೆ ಸಂಧಿತಲದ ಉತ್ತರ ಸರಳಾನುಪಾತದಲ್ಲಿರದು. ಆದರೆ ಈ ಅಸರಳತೆಯೇ ಒಂದು ಉಪಕರಣವಾಗಬಹುದೆಂದು ತೋರಿಸಿದವರು ಭಾರತೀಯರು: ಮುಂದೆ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯದ ನಿರ್ದೇಶಕರಾದ ಕೆ. ಎಸ್. ಜಿ. ದಾಸ್ ಅವರು ಎಚ್. ಪಿ. ಅಗರ್ವಾಲ್ ಅವರೊಡನೆ 1950ರ ಸುಮಾರಿನಲ್ಲಿ, ಪರ್ಯಾಯ ವಿದ್ಯುತ್ತನ್ನು ಹಾಯಿಸಿದಾಗ ವಿದ್ಯುದಗ್ರದ ಸರಾಸರಿ ವಿಭವವೇ ಕೊಂಚ ಸರಿಯುವ ಪರಿಣಾಮವನ್ನು ಕಂಡುಹಿಡಿದು, ಕ್ರಿಯೆಯ ವೇಗವನ್ನು ಅಳೆಯುವ ಹೊಸ ದಾರಿಯನ್ನು ತೆರೆದರು.

ಬೆಂಗಳೂರಿನ ಪರಂಪರೆ 1979ರ ಆ ಲೇಖನಗಳಿಗೇ ನಿಲ್ಲಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುನಿಚಂದ್ರಯ್ಯನವರು ಅಮೆರಿಕದ ಸಹೋದ್ಯೋಗಿಗಳೊಡನೆ 1998ರಲ್ಲಿ ಲಿಥಿಯಂ ಲೋಹದ ಮೇಲ್ಮೈ ಪೊರೆಗಳನ್ನು ಕುರಿತ ವಿದ್ಯುದ್ರಾಸಾಯನಿಕ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಸಮೀಕ್ಷೆಯನ್ನು ಬರೆದರು.

ಇಂಪೀಡೆನ್ಸು ಪೊರೆಯ ರೋಧವನ್ನು ಹೇಳುವುದು. ಪೊರೆ ಯಾವ ವಸ್ತುವಿನದೆಂದು ಹೇಳದು. ಅದನ್ನು ತಿಳಿಯಲು ಬೆಳಕು ಬೇಕು. ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದು, 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಬೆಳೆಸಿದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೋಶದ ಮುಚ್ಚಳದಲ್ಲಿ ಒಂದು ಸಣ್ಣ ಕಿಟಕಿಯನ್ನು ಕೊರೆದು, ಗಾಜನ್ನೋ ನೀಲಮಣಿಯ ಬಿಲ್ಲೆಯನ್ನೋ ಗಾಳಿ ಹೋಗದಂತೆ ಬೆಸೆದು, ಅದರ ಮೂಲಕ ಲೇಸರ್ ಕಿರಣವನ್ನು ವಿದ್ಯುದಗ್ರದ ಮೇಲೆ ಹಾಯಿಸಿದರೆ, ಚದರಿ ಬಂದ ಬೆಳಕಿನ ಬಣ್ಣದಲ್ಲಾದ ಸೂಕ್ಷ್ಮ ವ್ಯತ್ಯಾಸ ಅಲ್ಲಿರುವ ಅಣುಬಂಧಗಳ ಗುರುತನ್ನು ಹೇಳುವುದು. ಗ್ರ್ಯಾಫೈಟಿನೊಳಗೆ ಲಿಥಿಯಂ ತುಂಬಿಕೊಳ್ಳುತ್ತಿದ್ದಂತೆ ಅದರ ರಾಮನ್ ರೇಖೆ ಸರಿಯುವುದನ್ನೂ ಒಡೆಯುವುದನ್ನೂ ನಿಮಿಷನಿಮಿಷಕ್ಕೆ ನೋಡಬಹುದು. ತೊಡಕೇನೆಂದರೆ ರಾಮನ್ ಚದುರಿಕೆ ಅತಿ ದುರ್ಬಲವಾದುದು: ಸುಮಾರಾಗಿ ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದಕ್ಕೆ ಮಾತ್ರ ಈ ಗತಿ. ಕೆಲವೇ ನ್ಯಾನೋಮೀಟರಿನ ಪೊರೆಯಿಂದ ಬರುವ ಬೆಳಕು ದ್ರವದಿಂದ ಬರುವುದರಲ್ಲಿ ಮುಳುಗಿಹೋಗುತ್ತದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಶ್‌ಮನ್ನನೂ ಅವನ ಸಂಗಡಿಗರೂ ಒರಟುಮಾಡಿದ ಬೆಳ್ಳಿಯ ವಿದ್ಯುದಗ್ರದ ಮೇಲೆ ಕುಳಿತ ಪಿರಿಡೀನ್ ಅಣುಗಳ ರಾಮನ್ ಬೆಳಕು ನಿರೀಕ್ಷೆಗೆ ಮೀರಿ ಬಲವಾಗಿರುವುದನ್ನು ಕಂಡರು. ಮುಂದೆ 2010ರಲ್ಲಿ ಚೀನದ ಷಿಯಾಮೆನ್ನಿನ ಟಿಯಾನ್ ಝೊಂಗ್‌ಛುನ್ ತಂಡದವರು, ಸಿಲಿಕಾದ ತೆಳುಗವಸು ತೊಡಿಸಿದ ಚಿನ್ನದ ನ್ಯಾನೋಕಣಗಳನ್ನು ಯಾವ ಮೇಲ್ಮೈಯ ಮೇಲಾದರೂ ಉದುರಿಸಿ ಈ ಬಲವನ್ನು ಪಡೆಯುವ ಉಪಾಯವನ್ನು ತೋರಿಸಿದರು. ಆದರೂ ಲೇಸರಿನ ಕಾವಿನಿಂದಲೇ ಪೊರೆ ಬೆಂದುಹೋಗದಂತೆ ಕಿರಣದ ಬಲವನ್ನು ತಗ್ಗಿಸಿ, ತಾಳ್ಮೆಯಿಂದ ಬೆಳಕನ್ನು ಕೂಡಿಸಬೇಕಾಗುವುದು.

ಪೊರೆಯನ್ನು ತೂಗುವವರೂ ಇದ್ದಾರೆ. ಸ್ಫಟಿಕಶಿಲೆಯ ತೆಳುಬಿಲ್ಲೆಯೊಂದು ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುತ್ತಿರುವಾಗ ಅದರ ಮೇಲೆ ಏನಾದರೂ ಕುಳಿತರೆ ಕಂಪನದ ವೇಗ ಇಳಿಯುವುದೆಂದು ಜರ್ಮನಿಯ ಸೌಅರ್‌ಬ್ರೈ 1959ರಲ್ಲಿ ಲೆಕ್ಕ ಕೊಟ್ಟನು. ಇಂಥ ಬಿಲ್ಲೆಯಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ 17.7 ನ್ಯಾನೋಗ್ರಾಮ್ ಕುಳಿತರೆ ವೇಗ ಒಂದು ಹರ್ಟ್ಸ್ ಇಳಿಯುತ್ತದೆ. ಒಂದೇ ನ್ಯಾನೋಮೀಟರ್ ದಪ್ಪದ ಲಿಥಿಯಂ ಫ್ಲೋರೈಡಿನ ಪೊರೆಯಾದರೆ ಇಳಿತ ಸುಮಾರು 15 ಹರ್ಟ್ಸ್. ಇದನ್ನು ನಿಸ್ಸಂದೇಹವಾಗಿ ಗುರುತಿಸಬಹುದು. ಲಿಥಿಯಮ್ಮಿನ ಒಂದು ಸಮಸ್ಥಾನಿಗೆ ನ್ಯೂಟ್ರಾನ್ ತಗುಲಿದಾಗ ಹೊರಹಾರುವ ಕಣಗಳು ದಾರಿಯಲ್ಲಿ ಕಳೆದುಕೊಂಡ ಶಕ್ತಿಯಿಂದ, ಆ ಲಿಥಿಯಂ ಎಷ್ಟು ಆಳದಲ್ಲಿತ್ತೆಂದು ಹೇಳುವ ವಿಧಾನವೂ ಉಂಟು. ಅದಕ್ಕೆ ಪರಮಾಣು ರಿಯಾಕ್ಟರಿನ ನೆರೆಯೇ ಬೇಕಾದ್ದರಿಂದ ಎಲ್ಲರಿಗೂ ದಕ್ಕುವಂಥದಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ಲಿಥಿಯಮ್ಮಿನ ಮೇಲಿನ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಮಾಣುಗಳ ಸಾಲು ಕಾಣುವಷ್ಟು ಸ್ಪಷ್ಟವಾಗಿ 2017ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಕುಯಿ ಅವರ ತಂಡ ತೋರಿಸಿದಾಗ ಲೋಕವೇ ಬೆರಗಾಯಿತು. ಅದ್ಭುತವಾದ ಚಿತ್ರಗಳು, ನಿಜ. ಆದರೆ ಅಲ್ಲಿ ಕಾಲ ಹೆಪ್ಪುಗಟ್ಟಿರುವುದರಿಂದ, ಚಲನೆಯನ್ನರಿಯಲು ಮತ್ತೆ ಮುಚ್ಚಿದ ಕೋಶದ ಬಳಿಗೇ ಬರಬೇಕು. ದ್ರವ ವಿದ್ಯುದ್ವಿಭಾಜ್ಯವನ್ನೇ ತೆಗೆದುಹಾಕಿದ ಕೋಶಗಳಲ್ಲಿಯಂತೂ ಈ ಮಾತು ಮತ್ತಷ್ಟು ಸತ್ಯ.

ದ್ರವದ ಬದಲು ಗಟ್ಟಿಯಾದ ಸೆರಾಮಿಕ್ ಬಿಲ್ಲೆಯನ್ನಿಟ್ಟು ಅದಕ್ಕೆ ಲಿಥಿಯಂ ಲೋಹವನ್ನು ಒತ್ತಿದರೆ ಬೆಂಕಿಯ ಭಯ ತಗ್ಗುವುದು, ಅದೇ ತೂಕದಲ್ಲಿ ಹೆಚ್ಚು ಶಕ್ತಿಯನ್ನು ತುಂಬಿಡಬಹುದು. ಆದರೆ ಚಾರ್ಜ್ ಮಾಡುವಾಗ ಲಿಥಿಯಂ ಬೇರಿನಂತೆ ಕವಲೊಡೆದು ಆ ಕಲ್ಲನ್ನೇ ಸೀಳಿ ಎದುರು ಬದಿಗೆ ತಾಗುವುದು, ಕೋಶ ಸತ್ತುಹೋಗುವುದು. ಮೆತ್ತನೆಯ ಲೋಹ ಗಟ್ಟಿಯಾದ ಕಲ್ಲನ್ನು ಸೀಳುವುದು ಹೇಗೆ? ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಐತುಕೂರಿ ಅವರೂ ಅವರ ವಿದ್ಯಾರ್ಥಿಗಳೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೊಡನೆ ಕೂಡಿ 2022ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರ ಹೀಗಿದೆ. ತಪ್ಪಿನ ಮೂಲ ಚಾರ್ಜಿನಲ್ಲಿಲ್ಲ, ಅದಕ್ಕೆ ಮುಂಚಿನ ಡಿಸ್‌ಚಾರ್ಜಿನಲ್ಲಿದೆ. ಆಗ ಸಂಧಿತಲದಿಂದ ಲಿಥಿಯಂ ಪರಮಾಣುಗಳು ಎದ್ದು ಹೋಗುವ ವೇಗಕ್ಕೆ ಹಿಂದಿನಿಂದ ಬರುವವು ಸರಿದೂಗದೆ, ಲೋಹಕ್ಕೂ ಸೆರಾಮಿಕ್ಕಿಗೂ ನಡುವೆ ಅತಿಸೂಕ್ಷ್ಮವಾದ ಪೊಳ್ಳುಗಳು ಉಂಟಾಗುವುವು. ಪೊಳ್ಳಿನಲ್ಲಿ ವಿದ್ಯುತ್ತು ಹರಿಯಲಾರದು. ಅದೆಲ್ಲವೂ ಪೊಳ್ಳಿನ ಅಂಚುಗಳಿಗೆ ನುಗ್ಗುವುದರಿಂದ ಅಲ್ಲಿ ಪ್ರವಾಹದ ಒತ್ತರ ಕೋಶದ ಸರಾಸರಿಗಿಂತ ಸುಮಾರು 10,000 ಪಟ್ಟು ಹೆಚ್ಚುವುದು, ಕಲ್ಲು ಬಿರುಕುಬಿಡುವುದು. ಹಾಗೆಂದೇ ಅವರು ಸಂಧಿತಲದಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಂ ಇಂಥ ಲೋಹಗಳ ಅತಿತೆಳುವಾದ ಪದರವನ್ನಿಟ್ಟು ನೋಡಿದರು. ಲಿಥಿಯಮ್ಮಿನೊಡನೆ ಬೆರೆಯದ ಈ ಲೋಹಗಳು ಪೊಳ್ಳುಗಳ ಬೆಳವಣಿಗೆಯನ್ನು ತಡಮಾಡಿ ಸೀಳುವಿಕೆಯನ್ನು ಹಿಂದೂಡಿದವು. ಲಿಥಿಯಮ್ಮಿನೊಡನೆ ಚೆನ್ನಾಗಿ ಬೆರೆಯುವ ಲೋಹವೇ ಒಳ್ಳೆಯದೆಂದು ಬಹುಜನ ನಂಬಿದ್ದ ಕಾಲದಲ್ಲಿ, ಬೆರೆಯದ ಲೋಹವನ್ನು ಆರಿಸಿದ್ದು ಸಂಧಿತಲದ ಸಾಕ್ಷ್ಯವನ್ನು ನಂಬಿ. ಚಾರ್ಜಿನ ವೇಳೆಯನ್ನಷ್ಟೇ ನೋಡಿದವರಿಗೆ ಈ ಕಾರಣ ಎಂದೂ ಕಾಣುತ್ತಿರಲಿಲ್ಲ.

ಇತ್ತೀಚೆಗೆ ಪ್ರಯೋಗಶಾಲೆಯ ನಾಣ್ಯಕೋಶವನ್ನು ಬಿಟ್ಟು ಮಾರುಕಟ್ಟೆಯ ಕೋಶದೊಳಗೇ ಕಣ್ಣಿಡುವ ಪ್ರಯತ್ನಗಳು ನಡೆದಿವೆ. 2020ರಲ್ಲಿ ಪ್ಯಾರಿಸ್ಸಿನ ತರಾಸ್ಕಾಂ ಅವರ ತಂಡ ಕೂದಲಿನಷ್ಟು ಸಣ್ಣ ಗಾಜಿನೆಳೆಗಳನ್ನು ಲ್ಯಾಪ್‌ಟಾಪಿನಲ್ಲಿರುವಂಥ ಕೋಶದ ನಡುವೆ ತೂರಿಸಿ, ಎಳೆಯೊಳಗೆ ಬರೆದ ಜಾಲರಿಯಿಂದ ಮರಳುವ ಬೆಳಕಿನ ತರಂಗದೂರವನ್ನು ನೋಡಿ ಉಷ್ಣವನ್ನೂ ಒತ್ತಡವನ್ನೂ ಅಳೆದು, ಪೊರೆ ಕಟ್ಟುವಾಗ ಹೊಮ್ಮುವ ಶಾಖವನ್ನು ಲೆಕ್ಕಹಾಕಿತು. ಮುಂದೆ ನಮ್ಮ ಬಸ್ಸುಗಳ, ಆಟೋಗಳ ಬ್ಯಾಟರಿಗಳಲ್ಲಿಯೂ ಇಂಥ ಎಳೆಗಳೋ ಇಂಪೀಡೆನ್ಸ್ ಅಳೆಯುವ ಚಿಪ್‌ಗಳೋ ಸೇರಿಕೊಳ್ಳುವುದು ಅಸಂಭವವೇನಲ್ಲ.

ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಮನೆಗಾಗಲಿ, ತೋಟಕ್ಕಾಗಲಿ, ಗಾಡಿಗಾಗಲಿ ಬ್ಯಾಟರಿ ಕೊಳ್ಳುವಾಗ ಇಷ್ಟು ವರ್ಷ ಬಾಳುವುದೆಂಬ ಮಾತನ್ನು ಕೇಳಿದಿರಾದರೆ, ಯಾವ ಉಷ್ಣತೆಯಲ್ಲಿ, ಎಷ್ಟು ವೇಗದ ಚಾರ್ಜಿನಲ್ಲಿ, ಎಷ್ಟು ಆವೃತ್ತಿಗಳವರೆಗೆ ಪರೀಕ್ಷಿಸಿ ಆ ಮಾತನ್ನು ಹೇಳಲಾಗಿದೆಯೆಂದು ಅವಶ್ಯವಾಗಿ ಕೇಳಿರಿ. ನಿಮ್ಮ ಮಕ್ಕಳು ರಸಾಯನಶಾಸ್ತ್ರವನ್ನು ಓದುತ್ತಿದ್ದರೆ, ಅವರ ಕಾಲೇಜಿನಲ್ಲಿ ಇಂಪೀಡೆನ್ಸ್ ಅಳೆಯುವ ಒಂದು ಯಂತ್ರವಿದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಅದನ್ನು ತರಿಸುವಂತೆ ಅಧ್ಯಾಪಕರನ್ನು ಕೇಳಿಕೊಳ್ಳಿರಿ.